ಪರೀಕ್ಷೆ ನಡೆಯಬೇಕಾದ್ದು ರೋಗಿವಾರು, ಚಿತ್ರವಾರು ಅಲ್ಲ

ದಾವಣಗೆರೆಯಲ್ಲಿ ಪೆಥಾಲಜಿ, ಅಂದರೆ ಅಂಗಾಂಶ ನೋಡಿ ರೋಗ ಗುರುತಿಸುವ ಶಾಸ್ತ್ರದ ಪಾಠ ಹೇಳುವ ನನ್ನ ಬಳಿಗೆ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್ ಹಿಡಿದು ಬರುವುದು ಈಚೆಗೆ ರೂಢಿಯಾಗಿದೆ. ಸ್ತನದ ಬಯಾಪ್ಸಿ ಚಿತ್ರ ನೋಡಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಹೇಳುವ ಅಲ್ಗಾರಿದಮ್ ಸಿದ್ಧವಾಗಿದೆ, ನಿಖರತೆ ಶೇಕಡಾ ತೊಂಬತ್ತನ್ನು ದಾಟಿದೆ ಎನ್ನುತ್ತಾರೆ. ಅವರ ಶ್ರಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಮೊದಲು ಕೇಳುವುದು, ಅಲ್ಗಾರಿದಮ್‌ಗೆ ಕಲಿಸುವ ಚಿತ್ರಗಳನ್ನೂ ಅದನ್ನು ಪರೀಕ್ಷಿಸುವ ಚಿತ್ರಗಳನ್ನೂ ಹೇಗೆ ಬೇರೆ ಮಾಡಿದಿರಿ ಎಂದೇ.

ಹಲವರು ಬಳಸುವುದು ಬ್ರೆಜಿಲ್‌ನಲ್ಲಿ ಸಿದ್ಧವಾದ ಬ್ರೇಕ್‌ಹಿಸ್ ಎಂಬ ಸ್ತನದ ಬಯಾಪ್ಸಿ ಚಿತ್ರಗಳ ಸಂಗ್ರಹವನ್ನು. ಅದರಲ್ಲಿ 7,909 ಚಿತ್ರಗಳಿವೆಯಾದರೂ ಅವೆಲ್ಲ ಕೇವಲ 82 ರೋಗಿಗಳವು. ಅವನ್ನು ಒಟ್ಟಿಗೆ ಕಲಸಿ ಎರಡು ಪಾಲು ಮಾಡಿದರೆ ಒಬ್ಬ ರೋಗಿಯ ಅಂಗಾಂಶವೇ ಕಲಿಕೆಯ ಪಾಲಿಗೂ ಪರೀಕ್ಷೆಯ ಪಾಲಿಗೂ ಸೇರುತ್ತದೆ. ಆಗ ಬರುವ ಅಂಕ ಪ್ರಶ್ನೆಪತ್ರಿಕೆ ಮೊದಲೇ ಕೈಸೇರಿದವನ ಅಂಕದಂತಿರುತ್ತದೆ. ಹಾಗಾಗಿ ಒಬ್ಬ ರೋಗಿಯ ಚಿತ್ರಗಳೆಲ್ಲ ಒಂದೇ ಪಾಲಿನಲ್ಲಿರಬೇಕು. ಇನ್ನೊಂದು ಮಾತು: ಅಲ್ಲಿನ 5,429 ಚಿತ್ರಗಳು ಕ್ಯಾನ್ಸರಿನವೇ ಆಗಿರುವುದರಿಂದ, ಎಲ್ಲವನ್ನೂ ಕಣ್ಣುಮುಚ್ಚಿ ಕ್ಯಾನ್ಸರ್ ಎಂದರೂ ನಿಖರತೆ ಶೇ. 68ನ್ನು ಮೀರುತ್ತದೆ.

ಸರಿಯುತ್ತರ ಯಾವುದೆಂಬುದೂ ಸುಲಭದ ವಿಷಯವಲ್ಲ. ಅಮೆರಿಕದ 115 ಪೆಥಾಲಜಿಸ್ಟರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುತ್ತಲಿನ ಅಂಗಾಂಶಕ್ಕೆ ಹಬ್ಬಿದ ಕ್ಯಾನ್ಸರಿನ ವಿಷಯದಲ್ಲಿ ಅವರ ತೀರ್ಪು ಪರಿಣತರ ಸಮಿತಿಯ ತೀರ್ಪಿಗೆ ಶೇ. 96ರಷ್ಟು ಹೊಂದಿಕೆಯಾಗಿತ್ತು, ಕ್ಯಾನ್ಸರ್ ಆಗಿರದಿದ್ದರೂ ಕೋಶಗಳು ಸಹಜವಾಗಿಯೂ ಇಲ್ಲದ ಅಟಿಪಿಯಾ ಪ್ರಕರಣಗಳಲ್ಲಿ ಹೊಂದಿಕೆ ಶೇ. 48ಕ್ಕೆ ಕುಸಿದಿತ್ತು. ನಮಗೆ ನೆರವು ಬೇಕಾದದ್ದೇ ಅಲ್ಲಿ. ಇಂಥ ಸ್ಲೈಡುಗಳನ್ನು (ಅಂಗಾಂಶದ ತೆಳು ಸೀಳು ಅಂಟಿಸಿದ ಗಾಜಿನ ಪಟ್ಟಿಗಳನ್ನು) ಬಿಟ್ಟು ಸ್ಪಷ್ಟವಾದವುಗಳ ಮೇಲಷ್ಟೇ ನಡೆಸಿದ ಪರೀಕ್ಷೆಯನ್ನು ನಾನು ಒಪ್ಪಲಾರೆ.

ಅಲ್ಗಾರಿದಮ್‌ಗಳ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ನೆದರ್ಲೆಂಡ್ಸ್‌ನ ಕ್ಯಾಮೆಲಿಯನ್16 ಎಂಬ ಅಲ್ಗಾರಿದಮ್‌ಗಳ ಸ್ಪರ್ಧೆಯಲ್ಲಿ 129 ಸ್ಲೈಡುಗಳ ಪರೀಕ್ಷೆ ನಡೆದಾಗ, ರೋಗವಿರುವ ಸ್ಲೈಡುಗಳನ್ನು ಬೇರ್ಪಡಿಸುವ ಸಾಮರ್ಥ್ಯದ ಅಳತೆಯಲ್ಲಿ ಗರಿಷ್ಠ 1ಕ್ಕೆ ಅತ್ಯುತ್ತಮ ಅಲ್ಗಾರಿದಮ್ 0.994 ಪಡೆಯಿತು; ಕಾಲಮಿತಿಯಲ್ಲಿ ನೋಡಿದ 11 ಪೆಥಾಲಜಿಸ್ಟರ ಸರಾಸರಿ 0.810 ಇತ್ತು. ಕಾಲಮಿತಿಯಿಲ್ಲದೆ ನೋಡಿದ ಒಬ್ಬರಿಗೆ 0.966 ಬಂದಿತ್ತೆಂಬುದನ್ನು ಹೇಳುವವರು ಕಡಿಮೆ. ಅದಲ್ಲದೆ ಅಲ್ಲಿ ನೋಡಿದ್ದು ಸ್ತನದ ಗಡ್ಡೆಯನ್ನಲ್ಲ, ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ತೆಗೆದ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್).

ಅಲ್ಲಿ ಗೆದ್ದದ್ದು ಇಲ್ಲಿಯೂ ಗೆಲ್ಲುತ್ತದೆಂಬ ಭರವಸೆಯಿಲ್ಲ. ಜಗಳೂರಿನಿಂದಲೋ ಹೊಸದುರ್ಗದಿಂದಲೋ ಬರುವ ಅಂಗಾಂಶದ ತುಣುಕು, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವ ಸಾಕಷ್ಟಿಲ್ಲದೆ ತಡವಾಗಿ ತಲುಪಿದರೆ ಕೋಶಗಳ ರೂಪವೇ ಕೆಡುತ್ತದೆ. ಅಂಗಾಂಶದ ಸೀಳಿನ ದಪ್ಪ, ಅದಕ್ಕೆ ಹಾಕುವ ಬಣ್ಣಗಳಾದ ಹೆಮಟಾಕ್ಸಿಲಿನ್‌ನ ನೀಲಿ, ಇಯೋಸಿನ್‌ನ ಗುಲಾಬಿ ಇವೆಲ್ಲ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತವೆ. ಆದ್ದರಿಂದ ರೋಗಿಯ ಗುರುತು ತೆಗೆದ, ನೀತಿ ಸಮಿತಿಯ ಒಪ್ಪಿಗೆ ಪಡೆದ ನಮ್ಮ ಭಾಗದ ಸ್ಲೈಡುಗಳನ್ನು ಪ್ರತ್ಯೇಕವಾಗಿ ಕಾದಿರಿಸಿ, ಅಲ್ಗಾರಿದಮ್ ಪೂರ್ಣಗೊಂಡ ಮೇಲಷ್ಟೇ ತೆರೆಯಬೇಕು. ಬಂದ ಫಲಿತಾಂಶದಲ್ಲಿ ಸರಾಸರಿಗಿಂತ ಮೊದಲು, ಕ್ಯಾನ್ಸರ್ ಇದ್ದೂ ಇಲ್ಲವೆಂದ ಪ್ರತಿಯೊಂದು ಸ್ಲೈಡನ್ನೂ ಎಂಜಿನಿಯರ್ ಮತ್ತು ಪೆಥಾಲಜಿಸ್ಟ್ ಜೊತೆಗೆ ಕುಳಿತು ನೋಡಬೇಕು. ಅದಕ್ಕೆ ಬೇಕಾದ ಸಮಯವನ್ನು ಯಾವ ತಂಡ ಬಂದರೂ ಕೊಡಲು ನಾನು ಸಿದ್ಧನಿದ್ದೇನೆ.