ಹುಲಿಪಟ್ಟೆ ಅಂಗಿ: 48ರಲ್ಲಿ 31 ಮುಗಿಯಿತು

ಕೊನೆಗೂ ಆಯ್ತು. ಮೇಜಿನ ಮೇಲೆ ಆಡೋ ಯುದ್ಧದಾಟಕ್ಕೆ ಟಿಪ್ಪುವಿನ ಸಿಪಾಯಿಗಳ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೂವತ್ತೊಂದನೇ ಸೈನಿಕನ ಬೆನ್ನಿಗೆ ಕೊನೇ ಪಟ್ಟೆ ಎಳೆದು, ಅವನನ್ನು ಮೇಜಿನ ಆ ತುದಿಯಲ್ಲಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಹುಲಿ ಅಂಗಿ ಹುಲಿ ಅಂಗಿ ಥರಾನೇ ಕಾಣುತ್ತಿತ್ತು. ಐದು ತಿಂಗಳಿಂದ ಅದು ಚುಕ್ಕಿ ಚುಕ್ಕಿ ನೈಟಿ ಥರ ಕಾಣುತ್ತಿತ್ತು.

ಪ್ರೈಮರ್, ಮೈಬಣ್ಣ, ಬಂದೂಕು, ವಾಶ್ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡೋಣ. ಬೇಸ್, ಅಂದರೆ ಗೊಂಬೆ ನಿಲ್ಲೋ ಬಿಲ್ಲೆ, ಅದರ ಮೇಲಿನ ಮರಳಿನ ಬಗ್ಗೆ ಮಾತ್ರ ಸ್ವಲ್ಪ ಜಂಬ ಇದೆ. ಅದು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದಿಂದ ಒಂದು ಪೊಟ್ಟಣ ಕಟ್ಟಿಕೊಂಡು ಬಂದಿದ್ದು. ಗೊಂಬೆಗಳು 28 ಮಿ.ಮೀ., ಲೋಹದವು, ವಿದೇಶದಿಂದ ತರಿಸಿದವು. ನಮ್ಮ ಆಟದಲ್ಲಿ 24 ಗೊಂಬೆ ಸೇರಿದರೆ ಒಂದು ದಳ, ನನಗೆ ಬೇಕಾಗಿದ್ದು ಎರಡು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಏಳು ವಾರ ಕೂತಿತ್ತು. ಸುಂಕ ಕಟ್ಟಿ ಬಿಚ್ಚಿದರೆ ಒಂದು ಪೊಟ್ಟಣದಲ್ಲಿ ಕಾಲು ಅಗಲಿಸಿಕೊಂಡು ನಾಲ್ಕು ಜನ ಸವಾರರು. ಕುದುರೆ ಇಲ್ಲ. ಬರೆದು ಕೇಳಿದೆ. ಕುದುರೆ ಬೇರೆ ಆರ್ಡರ್ ಮಾಡಬೇಕಂತೆ! ನಾನು ಸವಾರರನ್ನೇ ಕೇಳಿರಲಿಲ್ಲ ಕಣ್ರೀ. ಈಗ ನಾಲ್ಕೂ ಜನ ಕಿಟಕಿ ಕಟ್ಟೆ ಮೇಲೆ, ಗಾಳಿಯಲ್ಲೇ ಸವಾರಿ ಮಾಡುತ್ತಾ ಕೂತಿದ್ದಾರೆ.

ಸರಿ, ಅಂಗಿಗೆ ಬರೋಣ. ಟಿಪ್ಪುವಿನ ಖಾಯಂ ಪದಾತಿ ದಳದ ಸಮವಸ್ತ್ರವನ್ನು ಆ ಕಾಲದ ಬ್ರಿಟಿಷರು ಚೆನ್ನಾಗೇ ಬರೆದಿಟ್ಟಿದ್ದಾರೆ. ನೇರಳೆ ಬಣ್ಣದ ಅಂಗಿ, ಅದರ ಮೇಲೆ ಬಿಳಿ ವಜ್ರಾಕಾರದ ಗುರುತುಗಳು, ಕೆಂಪು ಪೇಟ, ಸೊಂಟಕ್ಕೆ ಕೆಂಪು ಪಟ್ಟಿ, ಕಾಲಿಗೆ ಬರೀ ಚಪ್ಪಲಿ. ಆ ಗುರುತಿಗೇ ಬಬ್ರಿ ಅನ್ನೋದು, ಹುಲಿಪಟ್ಟೆ. ನಡುವೆ ದಪ್ಪ, ಎರಡೂ ತುದಿ ಚೂಪು. ಓದಲು ಸುಲಭ. ಎರಡು ಇಂಚೂ ಇಲ್ಲದ ಗೊಂಬೆಯ ಬೆನ್ನು ಅಂದರೆ ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಮೇಲೆ ಬರೆಯಿರಿ ನೋಡೋಣ.

ಮೊದಲ ಜಗಳ ನೇರಳೆ ಜೊತೆ. ಕೆಂಪು ನೀಲಿ ಸೇರಿಸಿದರೆ ನೇರಳೆ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ನಾನು ಸೇರಿಸಿದೆ, ಬಂದಿದ್ದು ರಾಗಿಮುದ್ದೆ. ನೀಲಿ ಜಾಸ್ತಿ ಹಾಕಿದೆ, ತಂಗಳು ಮುದ್ದೆ ಆಯಿತು. ತಪ್ಪು ಕೆಂಪಿನದು. ನನ್ನ ಹತ್ತಿರ ಇದ್ದಿದ್ದು ಕಿತ್ತಳೆ ಕಡೆ ವಾಲಿದ ಕೆಂಪು, ಅದರಲ್ಲಿರೋ ಹಳದಿ ನೀಲಿಗೆ ಸೇರಿದ ತಕ್ಷಣ ಕಂದು ಆಗಿಬಿಡುತ್ತದೆ. ಮಜೆಂಟಾಗೆ ಅಲ್ಟ್ರಾಮರೀನ್ ಸೇರಿಸಿದ ಮೇಲೆ ನೇರಳೆ ಹಣ್ಣಿನ ಬಣ್ಣ ಬಂತು. ನಿಜವಾದ ಬಣ್ಣ ನೋಡೋಣ ಅಂತ ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೂ ಹೋಗಿಬಂದೆ. ಪೊಲ್ಲಿಲೂರು ಯುದ್ಧದ ಗೋಡೆಚಿತ್ರದ ಮುಂದೆ ಒಂದು ಗಂಟೆ ನಿಂತೆ. 1780ರ ಸೆಪ್ಟೆಂಬರ್ 10ರಂದು ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಯುದ್ಧ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಕರ್ನಲ್ ಬೇಲಿ (Baillie), ಸುತ್ತ ಚೌಕ ಕಟ್ಟಿ ನಿಂತ ಕೆಂಪಂಗಿಗಳು, ಅಂದರೆ ಬ್ರಿಟಿಷ್ ಕಡೆಯ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ. ನೋಡಲಿಕ್ಕೆ ಅದ್ಭುತ. ಬಣ್ಣಕ್ಕೆ ಮಾತ್ರ ನಂಬುವ ಹಾಗಿಲ್ಲ. ಟಿಪ್ಪು ಸತ್ತ ಮೇಲೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಕಾಲದಲ್ಲಿ ಒಂದು ಸಲ, ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಇನ್ನೊಂದು ಸಲ ತಿದ್ದಿ ಬರೆಸಿದ ಚಿತ್ರ ಅದು. ಹಾಗಾಗಿ ನೇರಳೆ ಹಣ್ಣೇ ಗಟ್ಟಿ ಅಂದುಕೊಂಡು ವಾಪಸ್ ಬಂದೆ.

ಆಮೇಲೆ ಪಟ್ಟೆ. ಇದೇ ನನ್ನ ಐದು ತಿಂಗಳು ತಿಂದಿದ್ದು.

ನಾವೆಲ್ಲ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಸಣ್ಣ ಕೆಲಸ, ಅದಕ್ಕೆ ಸಣ್ಣ ಬ್ರಶ್. ಐದು ಸೊನ್ನೆಯ (00000, ಸೊನ್ನೆ ಹೆಚ್ಚಿದಷ್ಟೂ ಸಣ್ಣ) ಬ್ರಶ್ ತರಿಸಿದೆ. ಆನ್‌ಲೈನ್‌ನಲ್ಲಿ ಅಸಲಿ ಕೋಲಿನ್ಸ್ಕಿ ಕೂದಲು, ಅಂದರೆ ಒಳ್ಳೇ ಬ್ರಶ್ಶಿಗೆ ಹಾಕೋ ಪ್ರಾಣಿ ಕೂದಲು, ಅಂತ ಬರೆದಿತ್ತು. ಬಂದ ಬ್ರಶ್ಶನ್ನು ನೀರಿಗೆ ಅದ್ದಿ ತೆಗೆದರೆ ತುದಿ ಮೂರು ಕವಲು, ತ್ರಿಶೂಲ. ಎರಡನೇದು ಪರವಾಗಿಲ್ಲ ಅನ್ನಿಸಿತು, ಆದರೆ ಏಪ್ರಿಲ್ ತಿಂಗಳು, ತಲೆ ಮೇಲೆ ಫ್ಯಾನು. ಐದು ಸೊನ್ನೆ ಬ್ರಶ್ಶಿಗೆ ಹಿಡಿಯೋ ಬಣ್ಣ ಎಷ್ಟು ಹೇಳಿ? ಪ್ಯಾಲೆಟ್‌ನಿಂದ ಎತ್ತಿ, ಗೊಂಬೆ ಹತ್ತಿರ ತಂದು, ಉಸಿರು ಬಿಗಿ ಹಿಡಿದು ಮುಟ್ಟಿಸುವಷ್ಟರಲ್ಲಿ ತುದಿಯಲ್ಲಿ ಒಣಗಿ ಸಣ್ಣ ಉಂಡೆ ಆಗಿರುತ್ತಿತ್ತು. ಎಳೆದರೆ ಗೆರೆ ಇಲ್ಲ. ಒತ್ತಿದರೆ ಚುಕ್ಕಿ. ಫ್ಯಾನ್ ಆರಿಸಿದರೆ ಹಣೆಯ ಬೆವರು ನೇರವಾಗಿ ಸಿಪಾಯಿಯ ಪೇಟದ ಮೇಲೆ.

ಬಿಳಿಯೂ ಕೈಕೊಟ್ಟಿತು. ನೇರಳೆ ಮೇಲೆ ಅಚ್ಚ ಬಿಳಿ ಒಂದೇ ಕೋಟ್‌ಗೆ ನಿಲ್ಲೋಲ್ಲ, ಒಳಗಿನ ನೇರಳೆ ಇಣುಕುತ್ತದೆ. ಎರಡನೇ ಕೋಟ್ ಮೊದಲನೇದರ ಮೇಲೇ ಕೂರಬೇಕಲ್ಲ, ಕೂರೋಲ್ಲ. ಒಂದು ಅಂಗಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಆ ಲೆಕ್ಕದಲ್ಲಿ 48 ಅಂಗಿ ಅಂದರೆ 56 ಗಂಟೆ, ಅದೂ ನೈಟಿ ಹೊಲಿಯೋಕೆ.

ಯಾರೋ ಗ್ಲಿಸರಿನ್ ಹಾಕು, ಬಣ್ಣ ಬೇಗ ಒಣಗೋಲ್ಲ ಅಂದರು. ಸರಿಯಾದ ಮಾತೇ. ನೀರಿಗೆ ಒಂದು ತೊಟ್ಟು ಬೆರೆಸಿ, ಆ ನೀರಲ್ಲಿ ಬಣ್ಣ ತೆಳು ಮಾಡಬೇಕು. ನಾನು ಮೆಡಿಕಲ್ ಸ್ಟೋರಿಂದ ತಂದ ಬಾಟಲಿಯನ್ನು ನೇರ ಬಣ್ಣಕ್ಕೇ ಬಗ್ಗಿಸಿದೆ. ಪಟ್ಟೆಗಳು ಸೊಗಸಾಗಿ ಬಂದವು. ಎಂಟು ಗೊಂಬೆ ಮುಗಿಸಿ ಖುಷಿಯಿಂದ ಮಲಗಿದೆ. ಬೆಳಿಗ್ಗೆ ಎತ್ತಿಕೊಂಡರೆ ಒದ್ದೆ. ಮೂರು ದಿನ ಬಿಟ್ಟು ಎತ್ತಿಕೊಂಡರೂ ಅಂಟಂಟು. ಪಟ್ಟೆಗಳು ನನ್ನ ಹೆಬ್ಬೆರಳಿಗೆ ಬಂದವು, ನನ್ನ ಹೆಬ್ಬೆರಳಿನ ಗೆರೆಗಳು ಸಿಪಾಯಿಯ ಬೆನ್ನಿಗೆ ಹೋದವು. ಎಂಟನ್ನೂ ಡೆಟಾಲ್‌ನಲ್ಲಿ ಮುಳುಗಿಸಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದೆ. ಮನೆ ಆಸ್ಪತ್ರೆ ವಾಸನೆ ಹೊಡೀತಾ ಇದೆ ಅಂತ ಅಮ್ಮ ಎರಡು ದಿನ ಊದಿನಕಡ್ಡಿ ಹಚ್ಚಿದರು.

ಪಟ್ಟೆಗಳನ್ನು ಪ್ರಿಂಟ್ ಹಾಕಿಸಿ ಅಂಟಿಸೋಣ, ಡಿಕಾಲ್ ಮಾಡಿಸೋಣ ಅಂತಲೂ ಹೊರಟಿದ್ದೆ. ಅಂಗಡಿಯ ಹುಡುಗ ಶಾಂತವಾಗಿ ಕೇಳಿದ: ‘ಸರ್, ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಎಲ್ಲಿರುತ್ತೆ?’ ಮನೆಗೆ ಬಂದೆ.

ಆಗಸ್ಟ್‌ನಲ್ಲಿ ಮಂಡ್ಯಕ್ಕೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರ ಬೀದಿ ಕೊನೆಯಲ್ಲಿ ಒಬ್ಬ ಪೇಂಟರ್ ಇದ್ದಾರೆ, ಅರವತ್ತರ ಹತ್ತಿರದ ವಯಸ್ಸು. ಮೊದಲೆಲ್ಲ ಗಾಡಿಗಳಿಗೆ ನಂಬರ್ ಬರೆಯುತ್ತಿದ್ದವರು. ಎಲ್ಲರಿಗೂ ಹೊಸ ಮಾದರಿಯ ಅಚ್ಚಿನ ಪ್ಲೇಟ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಕಬ್ಬು ಸಾಗಿಸೋ ಟ್ರೇಲರ್‌ಗಳಿಗೆ ಹೆಸರು, ದೇವರು, ಅಂಚಿಗೆ ಬಳ್ಳಿ ಬರೆಯುತ್ತಾರೆ. ಸುಮ್ನೆ ನಿಂತು ನೋಡುತ್ತಿದ್ದೆ. ಬಳ್ಳಿಗೆ ಎಲೆ ಹಾಕುತ್ತಿದ್ದರು. ಉದ್ದ ಕೂದಲಿನ ಬ್ರಶ್, ಹೊಟ್ಟೆ ತುಂಬ ಬಣ್ಣ. ತುದಿ ಮುಟ್ಟಿಸಿ, ಒತ್ತಿ ಎಳೆದು, ಎತ್ತಿಬಿಡುತ್ತಿದ್ದರು. ಒಂದೇ ಎಳೆತಕ್ಕೆ ಒಂದು ಎಲೆ. ಶುರುವಿನಲ್ಲಿ ಚೂಪು, ನಡುವೆ ದಪ್ಪ, ಕೊನೆಯಲ್ಲಿ ಚೂಪು.

ನಾನು ಅಲ್ಲೇ ಕಲ್ಲಾದೆ. ಅದು ಎಲೆ ಅಲ್ಲ, ಬಬ್ರಿ!

ಜೇಬಲ್ಲಿ ಒಂದು ಗೊಂಬೆ ಇತ್ತು. ಇರುತ್ತದೆ, ನಿಮ್ಮ ಜೇಬಲ್ಲೂ ಇರುತ್ತದೆ, ಸುಳ್ಳು ಹೇಳಬೇಡಿ. ತೆಗೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕಣ್ಣ ಹತ್ತಿರ ಹಿಡಿದು ನೋಡಿದರು. ‘ಏನ್ ಸಾ ಇದು, ಸಿಡುಬು ಬಂದಂಗೈತೆ?’ ಅಂದರು. ಕಷ್ಟ ಎಲ್ಲ ಹೇಳಿಕೊಂಡೆ. ಎಡಗಡೆ ಪಟ್ಟೆಗೆ ಕೈ ಹೀಗೆ ತಿರುಗಿಸ್ತೀನಿ, ಬಲಗಡೆಗೆ ಹಾಗೆ ತಿರುಗಿಸ್ತೀನಿ, ನಡುಗುತ್ತೆ ಅಂದೆ. ಅವರು ನಕ್ಕರು. ‘ನಾನು ಟ್ರೇಲರ್ ತಿರುಗ್ಸಕ್ಕಾಯ್ತದಾ ಸಾ? ಅದ್ಕೆ ನಾನೇ ಬಗ್ತೀನಿ. ನಿಮ್ದು ಅಂಗೈಯಲ್ಲೇ ಐತೆ. ಬೊಂಬೆ ತಿರುಗ್ಸಿ, ಕೈ ಯಾಕೆ ತಿರುಗುಸ್ತೀರಿ?’

ಮನೆಗೆ ಬಂದು ಐದು ಸೊನ್ನೆಯನ್ನು ಅಂಟು ಹಚ್ಚುವ ಕೆಲಸಕ್ಕೆ ಹಾಕಿದೆ. ತೆಗೆದುಕೊಂಡಿದ್ದು ಒಂದನೇ ನಂಬರ್ ಬ್ರಶ್, ಹೊಟ್ಟೆ ದಪ್ಪ, ತುದಿ ಸೂಜಿ. ಹೊಟ್ಟೆಯಲ್ಲಿ ಬಣ್ಣ ಇದ್ದರೆ ತುದಿ ಒಣಗೋಲ್ಲ, ಹಿಂದಿನಿಂದ ಹರಿದು ಬರುತ್ತಲೇ ಇರುತ್ತದೆ. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ! ಅಚ್ಚ ಬಿಳಿ ಬಿಟ್ಟು, ಅದಕ್ಕೆ ಚೂರು ಬೂದು, ಚೂರು ಓಕರ್ (ಮಣ್ಣಿನ ಹಳದಿ) ಸೇರಿಸಿ ಹಳೇ ಪಂಚೆಯ ಬಣ್ಣ ಮಾಡಿಕೊಂಡೆ. ಒಂದೇ ಕೋಟ್‌ಗೆ ಮುಚ್ಚುತ್ತದೆ. ಟಿಫನ್ ಡಬ್ಬಿಯಲ್ಲಿ ಸ್ಪಂಜು, ಮೇಲೆ ಬೇಕಿಂಗ್ ಪೇಪರ್, ಅದೇ ವೆಟ್ ಪ್ಯಾಲೆಟ್, ಬಣ್ಣ ಒಣಗದಂತೆ ಇಡೋ ಒದ್ದೆ ತಟ್ಟೆ. ಬ್ರಶ್ ತುಂಬಿಸಿ, ಟಿಶ್ಯೂ ಮೇಲೆ ಒಂದು ಸಲ ಪಕ್ಕಕ್ಕೆ ಒರೆಸಿ, ಗೊಂಬೆಯನ್ನು ತಲೆಕೆಳಗೆ ಹಿಡಿದು, ಪಟ್ಟೆ ಯಾವಾಗಲೂ ನನ್ನ ಎದೆಯ ಕಡೆಗೇ ಬರೋ ಹಾಗೆ ಎಳೆಯುವುದು. ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಬೇಕು, ಆಗ ನಡುಗಿದರೂ ಎರಡೂ ಕೈ ಒಟ್ಟಿಗೆ ನಡುಗುತ್ತವೆ. ಮುಟ್ಟಿಸು, ಒತ್ತು, ಎತ್ತು. ಆಮೇಲೆ ಗೊಂಬೆಯನ್ನು ಒಂದಿಷ್ಟು ತಿರುಗಿಸಿ ಮುಂದಿನದು.

ಇನ್ನೊಂದು ಕಂಜೂಸಿತನವನ್ನೂ ಮಾಡಿದೆ. ಮೊದಲು ಒಂದು ಅಂಗಿಗೆ 30 ಪಟ್ಟೆ ತುರುಕುತ್ತಿದ್ದೆ. ಈಗ ಬೆನ್ನಿಗೆ ಐದು, ಎದೆಗೆ ನಾಲ್ಕು, ತೋಳಿಗೆ ಎರಡೆರಡು, ಒಟ್ಟು 13. ಎದೆಯಲ್ಲಿ ಹೇಗಿದ್ದರೂ ಅರ್ಧ ಜಾಗ ಚರ್ಮದ ಪಟ್ಟಿಗೇ ಹೋಗುತ್ತದೆ. ಒಂದರ ಕೆಳಗೆ ಒಂದು ಸಾಲಾಗಿ ಬೇಡ, ಇಟ್ಟಿಗೆ ಕಟ್ಟಿದ ಹಾಗೆ ಬಿಟ್ಟು ಬಿಟ್ಟು. ಭಾನುವಾರ ಜೊತೆಗೆ ಆಡುವ ಗೆಳೆಯ ಬಂದು ‘ಇದು ಇತಿಹಾಸಕ್ಕೆ ಅಪಚಾರ’ ಅಂದ. ಅವನ ಕೆಂಪಂಗಿಗಳಿಗೆ ಗುಂಡಿಯೇ ಇಲ್ಲ, ಅದನ್ನು ಕೇಳಿದ್ದಕ್ಕೆ ಚಹಾ ಕುಡಿಯಲು ಒಳಗೆ ಹೋದ. ಮೂರಡಿ ದೂರದಿಂದ ಆಡುವ ಆಟ ಇದು. 30 ಇದ್ದಾಗ ಬಿಳಿ ಗದ್ದಲ, 13 ಇದ್ದಾಗ ಹುಲಿ. ಈಗ ಒಂದು ಅಂಗಿಗೆ ಒಂಬತ್ತು ನಿಮಿಷ.

48 ಮುಗಿಯೋ ಮೊದಲೇ ತಲೆ ಮುಂದಿನದಕ್ಕೆ ಓಡಿದೆ, ಏನು ಮಾಡಲಿ. 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಒಡೆದ ಮಧ್ಯಾಹ್ನ. ಮಳೆ ಬಂದು ಹೊಳೆ ತುಂಬುವ ಮೊದಲೇ ಒಳಗೆ ನುಗ್ಗಬೇಕು ಅನ್ನೋ ಆತುರ ಬ್ರಿಟಿಷರದ್ದು. ಮುಂದಾಳು ಡೇವಿಡ್ ಬೇರ್ಡ್, ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಬೇಡಿ ಹಾಕಿಸಿಕೊಂಡಿದ್ದವನು. ಕೋಟೆಗೆ ಥರ್ಮಾಕೋಲ್ ಬೇಡ, ಕತ್ತರಿಸಿದರೆ ಮನೆ ತುಂಬ ಉದುರುತ್ತದೆ, ಸ್ಪ್ರೇ ತಗುಲಿದರೆ ಕರಗುತ್ತದೆ. ಬಂಡೆ ತುಂಬಿದ, ಮೊಣಕಾಲಷ್ಟು ನೀರಿನ ಬೇಸಿಗೆ ಕಾವೇರಿ ಮಾಡಬೇಕು, ಮೇಜಿನ ಮೂರರಲ್ಲಿ ಒಂದು ಭಾಗ ಅದಕ್ಕೇ.

ರಾಕೆಟ್‌ಗಳಂತೂ ಆಗಲೇ ಆಗಿವೆ. ಬಾಣಕ್ಕೆ ಊದಿನಕಡ್ಡಿಯ ಬಿದಿರು, ಉರಿದು ಮಿಕ್ಕಿದ್ದು. ಅಮ್ಮನ ದೇವರಮನೆ ನನ್ನ ಅತಿ ನಂಬಿಕಸ್ಥ ಸಪ್ಲೈಯರ್, ಕಸ್ಟಮ್ಸ್ ಕಾಟ ಇಲ್ಲ. ಕಬ್ಬಿಣದ ಕೊಳವೆಗೆ ಕಾಗದ ಸುತ್ತಿದ್ದು, ಹೊಗೆಗೆ ಹತ್ತಿ. ಹೋದ ಭಾನುವಾರ ಪರೀಕ್ಷೆಗೆ ಒಂದು ಹಾರಿಸಿದೆ. ದಿಕ್ಕನ್ನು ಡೈಸ್ ಹೇಳಬೇಕು ಅನ್ನೋ ನಿಯಮ ಬರೆದವನು ನಾನೇ. ಒಂದು ಬಿತ್ತು. ರಾಕೆಟ್ ಅರ್ಧ ದಾರಿಯಲ್ಲಿ ತಿರುಗಿ ನನ್ನದೇ ದಳದ ನಡುವೆ ಬಂದು ಐದು ಜನರನ್ನು ಕೆಡವಿತು, ಐದೂ ಹೊಸ ಅಂಗಿಯವರು.

ಉಳಿದಿರೋದು 17 ಅಂಗಿ, ಆಮೇಲೆ ವಾರ್ನಿಶ್. ಜಿಟಿಜಿಟಿ ಮಳೆ ಇರೋವಾಗ ಸ್ಪ್ರೇ ಮುಟ್ಟೋಲ್ಲ, ಬೂಷ್ಟು ಹಿಡಿದ ಹಾಗೆ ಬೆಳ್ಳಗಾದರೆ ನಾನು ಈ ಊರು ಬಿಡಬೇಕಾಗುತ್ತದೆ. ಬ್ರಶ್ಶಲ್ಲೇ ಹಚ್ಚುತ್ತೇನೆ. ಗಡುವು ಬೇರೆ ಇದೆ. ಅಮ್ಮ ಈ ಸಲ ಗೊಂಬೆ ಕೂರಿಸುವಾಗ ಇವರೆಲ್ಲ ಬೇಕು ಅಂದಿದ್ದಾರೆ. ‘ಮೂರನೇ ಮೆಟ್ಟಿಲು ಖಾಲಿ ಇದೆ ಕಣೋ, ಪಟ್ಟದ ಗೊಂಬೆಗೆ ಕಾವಲು ನಿಲ್ಲಲಿ.’ ಟಿಪ್ಪುವಿನ ಸಿಪಾಯಿಗಳು ರಾಜ ರಾಣಿಗೆ ಕಾವಲು! ಇತಿಹಾಸ ವಿವರಿಸಲು ಹೋದೆ. ಪೂರ್ತಿ ಕೇಳಿಸಿಕೊಂಡು, ಕಿಟಕಿ ಕಟ್ಟೆಯ ಕಡೆ ಕೈ ತೋರಿಸಿ, ಆ ನಾಲ್ಕು ಜನಕ್ಕೂ ಬಣ್ಣ ಹಚ್ಚು, ಚನ್ನಪಟ್ಟಣದ ಮರದ ಕುದುರೆ ಅಟ್ಟದ ಮೇಲಿದೆ ಅಂದರು.