ಈ ಸಲ ಅತ್ತೆಯವರೂ ಬಂದರು

ವಿಜಯಪುರ
23 ಆಗಸ್ಟ್ 2024, ಶುಕ್ರವಾರ

ಶ್ರಾವಣ ಶುಕ್ರವಾರದ ಪೂಜೆ ಬೇಗ ಮುಗಿಸಿ ಡಾಕ್ಟರ್ ಹತ್ತಿರ ಹೋದೆವು. ಮಗ, ನಮ್ಮನೆಯವರು, ನಾನು, ಅತ್ತೆಯವರು. ಮನೆಯಲ್ಲಿ ಹುಡುಗನ ಜೊತೆ ಜಾಸ್ತಿ ಇರೋರು ಯಾರೋ ಅವರೂ ಬರಲಿ ಎಂದು ಡಾಕ್ಟರ್ ಹೋದ ಸಲ ಹೇಳಿದ್ದರು. "ಗುಳಿಗಿ ಅವಗ, ನಾ ಯಾಕ ಬರ್ಲಿ?" ಅನ್ನುತ್ತಲೇ ಅತ್ತೆಯವರು ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು.

ಮಗನಿಗೆ ಒಸಿಡಿ, ಅಂದರೆ ಬೇಡದ ಹೆದರಿಕೆ ಮತ್ತೆಮತ್ತೆ ಬಂದು, ಮಾಡಿದ್ದನ್ನೇ ಮಾಡಿಸುವ ಮನಸ್ಸಿನ ಕಾಯಿಲೆ. ಎಷ್ಟು ತೊಳೆದರೂ ಕೈಯಲ್ಲಿ ಹೊಲಸು ಉಳಿದಿದೆ, ಅದರಿಂದ ನಮಗೆಲ್ಲ ರೋಗ ಬರುತ್ತದೆ ಎಂಬ ಹೆದರಿಕೆ. "ಆಯೀ, ಸ್ವಚ್ಛ ಆಗ್ಯಾವಿಲ್ಲೋ?" ಅಂತ ಕೇಳುತ್ತಾನೆ. ಅತ್ತೆಯವರು ಕೈ ಹಿಡಿದು, ತಿರುಗಿಸಿ ನೋಡಿ, "ಆಗ್ಯಾವ ನನ್ನಪ್ಪಾ" ಅಂತಾರೆ. ಸ್ವಲ್ಪ ಹೊತ್ತು ಸಮಾಧಾನ. ಮತ್ತೆ ಅದೇ ಪ್ರಶ್ನೆ.

ಡಾಕ್ಟರ್ ಹಾಳೆ ತಗೊಂಡು ಎರಡು ಗೆರೆ ಎಳೆದರು. ಒಂದರಲ್ಲಿ ಹೆದರಿಕೆ ಏರುತ್ತದೆ, ನಾವು "ಸ್ವಚ್ಛ ಅದಾವ" ಅಂದ ಕೂಡಲೇ ಇಳಿಯುತ್ತದೆ, ಆದರೆ ಬೇಗನೇ ಮತ್ತೆ ಏರುತ್ತದೆ. ಇನ್ನೊಂದರಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಹೆದರಿಕೆ ಮೇಲೆ ಹೋಗಿ, ನಿಂತು, ನಿಧಾನಕ್ಕೆ ತಾನೇ ಇಳಿಯುತ್ತದೆ. ಇದನ್ನು ಹುಡುಗ ತಾನೇ ಅನುಭವಿಸಿ ಕಲಿಯಬೇಕು, ಅದಕ್ಕೆ ದೊಡ್ಡವರು ಜಾಗ ಬಿಡಬೇಕು ಎಂದರು. ಅತ್ತೆಯವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅಂದ್ರ ನನ್ನ ಮಾತು ಅದಕ್ಕ ಊಟಾ ಹಾಕ್ದಂಗ ಆತು" ಅಂದರು. ಡಾಕ್ಟರ್ ಹೌದೆಂದು ತಲೆಯಾಡಿಸಿದರು. ಬೈದರೂ ಹೆದರಿಕೆ ಹೆಚ್ಚೇ ಆಗುತ್ತದೆ ಎಂದು ನಮ್ಮನೆಯವರ ಕಡೆ ನೋಡಿ ಹೇಳಿದರು.

ಎಲ್ಲ ಪ್ರಶ್ನೆಗೂ ಒಮ್ಮೆಲೇ ಉತ್ತರ ನಿಲ್ಲಿಸುವುದಲ್ಲ. ಮೊದಲು ಒಂದೇ, ಯಾವುದೆಂದು ಮಗನೇ ಆರಿಸಿದ. ಊಟಕ್ಕೆ ಮುಂಚಿನದು. ಆಗ ಎಲ್ಲರೂ ಹೇಳಬೇಕಾದ್ದು ಒಂದೇ ಮಾತು: "ಹೆದರಿಕಿ ಬಂದೈತಿ ಅಂತ ಗೊತ್ತು. ನಿನಗ ತಡ್ಕೊಳ್ಳಾಕ ಆಗ್ತೈತಿ." ಮೂವರಲ್ಲಿ ಒಬ್ಬರು ಹಳೆಯ ಉತ್ತರ ಕೊಟ್ಟರೂ ಅವನು ಅವರ ಹತ್ತಿರವೇ ಓಡುತ್ತಾನೆ, ಅಲ್ವಾ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ತಂದೆತಾಯಿಗೆ ಮಾತ್ರ ಕಲಿಸುವ 'ಸ್ಪೇಸ್' ಎಂಬ ತರಬೇತಿ ಇದೆ. ಆತಂಕದ ಕಾಯಿಲೆ ಇರುವ ಮಕ್ಕಳ ಬಗ್ಗೆ ಅಲ್ಲಿ ನಡೆದ ಅಧ್ಯಯನ 2020ರಲ್ಲಿ ಅಚ್ಚಾಯಿತು. ಮಕ್ಕಳಿಗೇ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಕೊಟ್ಟಾಗ ಆದಷ್ಟೇ ಉಪಯೋಗ ಅದರಿಂದಲೂ ಆಗಿತ್ತು. ನಮ್ಮ ಮಗನಿಗೆ ಎರಡೂ ಬೇಕು. ಆದರೂ ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ನನ್ನ ಕೈಯಲ್ಲೂ ಮಾಡುವಂಥದ್ದು ಇದೆ.

ಡಾಕ್ಟರ್ ನಮ್ಮ ಮಗನೊಬ್ಬನನ್ನೇ ಕೂಡಿಸಿಕೊಂಡೂ ಮಾತಾಡುತ್ತಾರೆ. ಜೀವಕ್ಕೆ ಅಪಾಯದಂಥ ವಿಷಯ ಬಿಟ್ಟರೆ ಅದು ನಮಗೆ ಬರುವುದಿಲ್ಲ. ಹೊರಗೆ ಬಂದ ಕೂಡಲೇ "ಏನ್ ಕೇಳಿದ್ರು? ನೀ ಏನ್ ಹೇಳ್ದಿ?" ಅಂತ ಶುರು ಮಾಡಬಾರದು. ಚಿಕಿತ್ಸೆಯಲ್ಲಿ ಪಾಲಕರಿರಬೇಕು ಎನ್ನುವುದಕ್ಕೆ ಮಗುವಿನ ಮನಸ್ಸನ್ನು ಕೆದಕಬೇಕು ಎಂದು ಅರ್ಥ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ರಾತ್ರಿ ಹೋಳಿಗೆ ಬಡಿಸುವಾಗ ಪ್ರಶ್ನೆ ಬಂತು. ಅತ್ತೆಯವರ ಕೈ ಮುಂದೆ ಹೋಯಿತು, ಅಲ್ಲೇ ತುಪ್ಪದ ಮಿಳ್ಳಿ ಹಿಡಿಯಿತು. ಒಪ್ಪಿದ ಮಾತನ್ನೇ ಹೇಳಿದರು. ಮಗ ಅತ್ತ. ತಾಟು ದೂಡಿದ. ನಾವ್ಯಾರೂ ಏಳಲಿಲ್ಲ. ಆಮೇಲೆ ಅರ್ಧ ಹೋಳಿಗೆ ತಿಂದ.

ಊಟ ಆದ ಮೇಲೆ ತಾಳಿಕೋಟೆಯಿಂದ ನಾದಿನಿ ಫೋನ್ ಮಾಡಿದ್ದಳು. ಮಗಳು ಶಾಲೆ ಅಂದರೆ ನಡುಗುತ್ತಾಳಂತೆ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಹಾಯ ಮಾಡುವ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೊತ್ತುಗೊತ್ತು ನೋಡಬೇಕಿಲ್ಲ. "ಆಕೀನ್ನ ಒಬ್ಬಾಕಿನ್ನೇ ಮಾತಾಡ್ಸಿ ಕೈ ಬಿಡಬ್ಯಾಡ. ಫೋನ್ ಹಚ್ಚೂಮುಂದ ನಿನ್ನ ಗಂಡನ್ನೂ ಬಾಜೂಕ ಕೂಡಿಸ್ಕೋ" ಅಂದೆ.