ಪೇಪರ್ ತೆಗೆಯುವ ಮೊದಲು ಅದು ಏನೇನು ಕೆಲಸ ಮಾಡುತ್ತಿತ್ತು ನೋಡಿ

ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ನನಗೆ ಎರಡು ಜವಾಬ್ದಾರಿ. ಒಂದು, ಕಚೇರಿ ಕೆಲಸವನ್ನು ಆನ್‌ಲೈನ್‌ಗೆ ತರುವುದು. ಇನ್ನೊಂದು, ಕ್ಯಾಂಪಸ್ ನಡೆಸುವುದು. ಅಂದರೆ ಕರೆಂಟು, ನೀರು, ಹಾಸ್ಟೆಲ್, ಬಸ್ಸು, ಸೆಕ್ಯುರಿಟಿ, ಪರೀಕ್ಷಾ ಹಾಲ್‌ನ ಬೆಂಚು. ಮೊದಲನೆಯದರ ಬಗ್ಗೆ ಸಭೆಗಳಲ್ಲಿ ಸ್ಲೈಡ್ ಹಾಕಿ ಮಾತಾಡುತ್ತಾರೆ. ಎರಡನೆಯದು ಎಲ್ಲರಿಗೂ ನೆನಪಾಗುವುದು ಟ್ಯಾಂಕ್ ಖಾಲಿಯಾದಾಗ ಮಾತ್ರ. ಇವೆರಡನ್ನೂ ಒಬ್ಬನ ಮೇಜಿಗೆ ಹಾಕಿದ್ದು ಒಂದು ಸಂಬಳ ಉಳಿಸಲಿಕ್ಕೆ ಅಂತ ನನಗೆ ಈಗಲೂ ಗುಮಾನಿ. ಹೇಗೋ ಇರಲಿ, ಅದರಿಂದ ಒಳ್ಳೆಯದೇ ಆಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಹಳೆಯ ಸಂಸ್ಥೆಯೇನಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಪಕ್ಕದಲ್ಲಿ ನಿಂತರೆ ನಾವಿನ್ನೂ ಮಕ್ಕಳು. ಆದರೂ ಕಡತ ಓಡಾಡುವ ರೀತಿ ಮಾತ್ರ ನೂರು ವರ್ಷ ಹಳೆಯದು. ವಿದ್ಯಾರ್ಥಿ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಒಟ್ಟು ದಾಖಲೆಗೆ, ಅರ್ಜಿ ಕೊಟ್ಟರೆ ಅದು ಕೌಂಟರ್‌ನಿಂದ ಕೇಸ್ ವರ್ಕರ್‌ಗೆ, ಅಲ್ಲಿಂದ ಸೂಪರಿಂಟೆಂಡೆಂಟ್‌ಗೆ, ಆಮೇಲೆ ಸಹಾಯಕ ಕುಲಸಚಿವರಿಗೆ, ಮತ್ತೆ ಸೀಲಿಗೆ, ಕೊನೆಗೆ ವಾಪಸ್ ಕೌಂಟರ್‌ಗೆ. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಸಾಕು, ಕೆಲಸ ತಾನೇ ಬೇಗ ಆಗುತ್ತದೆ ಅಂತ ಎಲ್ಲರ ನಂಬಿಕೆ. ಸಾಫ್ಟ್‌ವೇರ್ ಕಂಪನಿಯವರ ನಂಬಿಕೆಯೂ ಅದೇ.

ಅವರು ತಂದ ಪರದೆಯಲ್ಲಿ ಪ್ರತಿಯೊಬ್ಬ ಅಧಿಕಾರಿಗೆ ಎರಡೇ ಬಟನ್ ಇದ್ದವು. ಒಪ್ಪಿಗೆ, ಇಲ್ಲವೇ ತಿರಸ್ಕಾರ. ನೋಡಲಿಕ್ಕೆ ಅಚ್ಚುಕಟ್ಟು. ಆದರೆ ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಬೇರೆಯದೇ ಕಂಡಿತು. ಸೂಪರಿಂಟೆಂಡೆಂಟರು ಎಷ್ಟೋ ಅರ್ಜಿಗಳ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಪ್ರಶ್ನೆ ಗುರುತು ಹಾಕಿದ್ದರು. ಅದು ಒಪ್ಪಿಗೆಯೂ ಅಲ್ಲ, ತಿರಸ್ಕಾರವೂ ಅಲ್ಲ. 'ಸ್ವಲ್ಪ ತಡೀರಿ, ವಿಭಾಗಕ್ಕೆ ಫೋನ್ ಮಾಡಿ ಕೇಳೋಣ' ಅಂತ ಅದರ ಅರ್ಥ. ಆ ಗುರುತು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದರೆ ಅರ್ಧದಷ್ಟು ತೊಡಕು ಅದರಲ್ಲೇ ಬಗೆಹರಿಯುತ್ತಿತ್ತು.

ಎರಡೇ ಬಟನ್ ಇರುವ ಕಡೆ ಅನುಮಾನ ಬಂದ ಅಧಿಕಾರಿ ಏನು ಮಾಡುತ್ತಾರೆ? ತಿರಸ್ಕಾರ ಒತ್ತುತ್ತಾರೆ. ಅದು ಅವರ ಮಟ್ಟಿಗೆ ಸುರಕ್ಷಿತ. ಹುಡುಗ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಶುಲ್ಕ ಕಟ್ಟಬೇಕು. ಪ್ರಾಯೋಗಿಕವಾಗಿ ನಡೆಸಿ ನೋಡಿದಾಗ ನಮ್ಮ ಪ್ರಮಾಣಪತ್ರ ಶಾಖೆಯ ಹಿರಿಯ ಕೇಸ್ ವರ್ಕರ್ ಒಬ್ಬರು ಇದನ್ನು ಮೊದಲು ಹಿಡಿದರು. ಪಾಂಡವಪುರದ ಕಡೆಯವರು, ನಿವೃತ್ತಿಗೆ ಹತ್ತಿರ. ಕಂಪನಿಯಿಂದ ಬಂದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಏನಪ್ಪಾ, ಕೌಂಟ್ರಲ್ಲಿ ಒಂದಿನಾನಾದ್ರೂ ಕೂತಿದ್ದೀಯಾ? ಇದು ಹಿಂಗೇ ಹೋದ್ರೆ ನಾಗಮಂಗಲದ ಹುಡುಗ ಇನ್ನೊಂದ್ಸಲ ಬಸ್ಸತ್ತಿ ಬರ್ಬೇಕಾಯ್ತದೆ." ಹುಡುಗ ಕೂತಿರಲಿಲ್ಲ. ಆಮೇಲೆ ಕೂತ. ಕೆಲಸ ಸರಿಹೋಗಲು ಶುರುವಾದದ್ದು ಅಲ್ಲಿಂದಲೇ.

ಮೂರನೇ ಬಟನ್ ಬಂತು: 'ವಿವರಣೆ ಬೇಕು'. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪ್ರತಿ ಮೇಜಿನಲ್ಲಿ ಅರ್ಜಿ ಎಷ್ಟು ದಿನ ಕೂತಿದೆ ಅಂತ ವ್ಯವಸ್ಥೆ ಲೆಕ್ಕ ಇಡುತ್ತದೆ. ವಿವರಣೆ ಕೇಳಿದರೆ ಆ ಲೆಕ್ಕ ನಿಲ್ಲುತ್ತದೆ. ಅಂದಮೇಲೆ ಕೆಲಸ ಮಾಡಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬಟನ್ ಬೇಕೇ? ಸುಮ್ನೆ ಒತ್ತಿದರೆ ಆಯಿತು, ತಡ ಅವರದ್ದಲ್ಲ. ಅದಕ್ಕೆ ಒಂದು ಷರತ್ತು ಹಾಕಿದೆವು. ಏನು ವಿವರಣೆ ಬೇಕು ಅಂತ ಅಧಿಕಾರಿಯೇ ಕನ್ನಡದಲ್ಲಿ ಬರೆಯಬೇಕು, ಅದು ಹಾಗೆಯೇ ವಿದ್ಯಾರ್ಥಿಯ ಫೋನಿಗೆ ಹೋಗುತ್ತದೆ. 'ದಾಖಲೆ ಅಪೂರ್ಣ' ಅಂತ ಬರೆದರೆ ಹುಡುಗರು ನೇರ ಅವರ ಮೇಜಿಗೇ ಬಂದು "ಯಾವ ದಾಖಲೆ ಸಾ?" ಅಂತ ಕೇಳತೊಡಗಿದರು. ಆಮೇಲೆ 'ಮೂರನೇ ಸೆಮಿಸ್ಟರ್ ಅಂಕಪಟ್ಟಿಯ ಹಿಂಬದಿ ಸ್ಕ್ಯಾನ್ ಆಗಿಲ್ಲ' ಅಂತ ಸ್ಪಷ್ಟವಾಗಿ ಬರೆಯುವ ಅಭ್ಯಾಸ ತಾನಾಗಿ ಬಂತು.

ಬಾಕಿ ಅರ್ಜಿಗಳ ಪಟ್ಟಿಯನ್ನು ದೊಡ್ಡ ಪರದೆಯಲ್ಲಿ ಅಧಿಕಾರಿಗಳ ಹೆಸರು ಸಮೇತ ಹಾಕಬೇಕು ಅಂತ ಮೇಲಿನವರಲ್ಲಿ ಕೆಲವರಿಗೆ ಆಸೆ ಇತ್ತು. ನಾನು ಒಪ್ಪಲಿಲ್ಲ. ಶಾಖೆಯ ಹೆಸರು ಸಾಕು. ಮೇಜಿನ ಮೇಲೆ ಕಡತದ ರಾಶಿ ಬೆಳೆದಾಗ ಪಕ್ಕದವರು ತಾವಾಗಿ ನಾಲ್ಕು ಎತ್ತಿಕೊಳ್ಳುತ್ತಿದ್ದರು. ಆ ರಾಶಿ ಕಂಪ್ಯೂಟರ್ ಒಳಗೆ ಹೋದ ಮೇಲೆ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಅದನ್ನು ಮತ್ತೆ ಕಾಣಿಸಬೇಕು ಅನ್ನುವುದು ಸರಿ. ಆದರೆ ಹೆಸರು ಹಾಕಿದರೆ ಪಕ್ಕದವರು ಕೈ ಜೋಡಿಸುವುದಿಲ್ಲ, ತಮಾಷೆ ನೋಡುತ್ತಾರೆ.

ಪೇಪರ್ ಮಾಡುತ್ತಿದ್ದ ಇನ್ನೊಂದು ಕೆಲಸ ಸ್ವೀಕೃತಿ ಚೀಟಿ. ಎಸ್ಸೆಮ್ಮೆಸ್ ಹೋಗುತ್ತದಲ್ಲ, ಚೀಟಿ ಯಾಕೆ ಅಂತ ನಾವು ಅಂದುಕೊಳ್ಳಬಹುದು. ಮಗಳ ಅರ್ಜಿ ಕೊಡಲು ಮಳವಳ್ಳಿಯಿಂದ ಬಂದ ಅಪ್ಪನಿಗೆ ಕೈಯಲ್ಲಿ ಏನಾದರೂ ಬೇಕು. "ಒಂದ್ ಸೀಲ್ ಹಾಕ್ಕೊಡಿ ಸಾ" ಅನ್ನುತ್ತಾರೆ. ಆ ಚೀಟಿಯ ಪ್ರಿಂಟ್ ಇವತ್ತಿಗೂ ಕೊಡುತ್ತೇವೆ.

ಇನ್ನು ಹೆಸರಿನ ವಿಷಯ. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಇದು.

ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಡುವ ಕೇಂದ್ರ ಸರ್ಕಾರದ ಡಿಜಿಲಾಕರ್ 2015ರಲ್ಲಿ ಬಂತು. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇಡುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರವೂ ಈಗ ಅದರ ಮೂಲಕವೇ ನಡೆಯುತ್ತದೆ. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು, ಅಂದರೆ ಪಾಸಾದ ಕೋರ್ಸುಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ಕೂಡಿಡುವ ಖಾತೆ. ಈಗ ವಿದ್ಯಾರ್ಥಿಯ ಗುರುತಿಗೆ ಅಪಾರ್ ಸಂಖ್ಯೆ. ಇದು 12 ಅಂಕಿಯದು. ಒಬ್ಬ ವಿದ್ಯಾರ್ಥಿ ಎಲ್ಲಿ ಓದಿದರೂ ಕ್ರೆಡಿಟ್‌ಗಳು ಅವನ ಖಾತೆಗೆ ಬಂದು ಸೇರಬೇಕು ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಇದೆಲ್ಲ ಕೆಲಸ ಮಾಡಬೇಕಾದರೆ ಆಧಾರ್‌ನಲ್ಲಿರುವ ಹೆಸರೂ ನಮ್ಮ ದಾಖಲೆಯಲ್ಲಿರುವ ಹೆಸರೂ ಹೊಂದಬೇಕು.

ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತಲ್ಲ. ಹಿಂದೆ ಇನಿಷಿಯಲ್, ಇಲ್ಲವೇ ಮುಂದೆ ಇನಿಷಿಯಲ್. ಅದು ಊರಿನದೋ ಅಪ್ಪನದೋ, ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಪುಟ್ಟಸ್ವಾಮಿ ಎಚ್' ಅಂತ ಇರುತ್ತದೆ. ಆಧಾರ್‌ನಲ್ಲಿ ಎಚ್ ಬಿಡಿಸಿ ಅಪ್ಪನ ಪೂರ್ತಿ ಹೆಸರು ಬರೆಸಿರುತ್ತಾರೆ. ಇಂಗ್ಲಿಷ್‌ನಲ್ಲಿ ಸ್ವಾಮಿಗೆ ಕೊನೆಯಲ್ಲಿ ಒಂದು ಕಡೆ ವೈ, ಇನ್ನೊಂದು ಕಡೆ ಐ. ಲಕ್ಷ್ಮಿಗೆ ಒಂದು ಕಡೆ ಕೆ ಎಸ್ ಎಚ್, ಇನ್ನೊಂದು ಕಡೆ ಎಕ್ಸ್. ಮನುಷ್ಯರಿಗೆ ಇದರಲ್ಲಿ ಗೊಂದಲವೇ ಇಲ್ಲ. ಕೌಂಟರ್‌ನವರು ಮುಖ ನೋಡಿ, ಅಪ್ಪನ ಹೆಸರು ಕೇಳಿ, ಟಿಕ್ ಹಾಕುತ್ತಿದ್ದರು. ಕಂಪ್ಯೂಟರ್‌ಗೆ ಮಾತ್ರ ಇವರಿಬ್ಬರು ಬೇರೆ ಬೇರೆ ಜನ.

ನಾವು ತೆಗೆದುಕೊಂಡ ತೀರ್ಮಾನ ಸರಳ. ಪ್ರವೇಶದ ದಿನವೇ ಹೆಸರು ತೀರ್ಮಾನ ಆಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದೇ ನಮಗೆ ಮೂಲ, ಹುಟ್ಟಿದ ದಿನಾಂಕವೂ ಅಲ್ಲಿಂದಲೇ. ಆಧಾರ್ ಬೇರೆ ಇದ್ದರೆ ಅದೇ ದಿನ ವಿದ್ಯಾರ್ಥಿಗೆ ಹೇಳಿ, ತಿದ್ದಿಸಲು ಏನೇನು ಬೇಕು ಅಂತ ಒಂದು ಹಾಳೆ ಕೈಗೆ ಕೊಡುತ್ತೇವೆ. ಕೊನೆಯ ವರ್ಷದಲ್ಲಿ, ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ಇದು ಗೊತ್ತಾದರೆ ಆ ಹುಡುಗಿಯ ಗತಿ ಏನು? ಪ್ರವೇಶದ ಸಾಲು ಇದರಿಂದ ನಿಧಾನವಾಯಿತು, ನಿಜ. ಬೈಸಿಕೊಂಡೆವು. ಆದರೂ ಇದನ್ನು ಮಾತ್ರ ಸಡಿಲಿಸಲಿಲ್ಲ.

ಹಳೆಯ ದಾಖಲೆಗಳದ್ದು ಇನ್ನೊಂದು ಕಥೆ. ವರ್ಷಗಟ್ಟಲೆ ವಿದ್ಯಾರ್ಥಿಗಳ ಕನ್ನಡ ಹೆಸರುಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತ ಅಲ್ಲದ ಆ ಪದ್ಧತಿಯಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗಿಜಿಗಿಜಿ. ಹುಡುಕಲೂ ಆಗದು, ಅಕಾರಾದಿಯಾಗಿ ಜೋಡಿಸಲೂ ಆಗದು. ಪರಿವರ್ತಕ ಇವೆ, ಬಹುಪಾಲು ಸರಿಯಾಗಿಯೇ ಮಾಡುತ್ತವೆ. ನಮ್ಮ ಫೈಲುಗಳಲ್ಲಿ ಕೈಕೊಟ್ಟದ್ದು ಅರ್ಕಾವೊತ್ತು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ಕೀರ್ತನಾ, ಹರ್ಷಿತಾ, ದರ್ಶನ್, ಕಾರ್ತಿಕ್ ಇವರೆಲ್ಲ ಅನುಮಾನದ ಪಟ್ಟಿಗೆ ಬಂದರು. ಈ ತಲೆಮಾರಿನಲ್ಲಿ ಇಂಥ ಹೆಸರು ಎಷ್ಟಿವೆ ಅಂತ ಯೋಚಿಸಿ! ಅರ್ಕಾವೊತ್ತು ಇರುವ ಹೆಸರುಗಳನ್ನೆಲ್ಲ ಬೇರೆ ತೆಗೆದು, ಇಬ್ಬರು ಕೂತು ಒಬ್ಬರು ಓದಿ ಇನ್ನೊಬ್ಬರು ಲೆಡ್ಜರ್ ನೋಡಿ ಸರಿಪಡಿಸಿದರು. ಇದಕ್ಕೆ ಬೇರೆ ಅಡ್ಡದಾರಿ ನನಗಂತೂ ಕಾಣಲಿಲ್ಲ.

ಶುಲ್ಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ರಾತ್ರಿ ಎಲ್ಲರೂ ಯುಪಿಐನಲ್ಲಿ ಒಟ್ಟಿಗೇ ಕಟ್ಟುತ್ತಾರೆ. ಕೆಲವರ ಖಾತೆಯಿಂದ ಹಣ ಹೋಗಿರುತ್ತದೆ, ನಮ್ಮಲ್ಲಿ ಬಂದಿರುವುದಿಲ್ಲ. ಇಂಥ ಹಣ, ಅಂಗಡಿ ಸಂಸ್ಥೆಗಳಿಗೆ ಕಟ್ಟುವ ವ್ಯಾಪಾರಿ ಪಾವತಿಯಲ್ಲಿ, ಐದು ದಿನದೊಳಗೆ ತಾನಾಗಿ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಆದರೆ ಕೊನೆಯ ದಿನ ನಾಳೆಗೆ ಮುಗಿದಿರುತ್ತದೆ, ಅಲ್ವಾ? ಹುಡುಗರು ಭಯಕ್ಕೆ ಎರಡು ಸಲ ಕಟ್ಟುತ್ತಾರೆ. ಎರಡನೆಯದು ಎಷ್ಟೋ ಸಲ ಅಪ್ಪನ ಫೋನಿನಿಂದ. ಹಾಗಾಗಿ 12 ಅಂಕಿಯ ವಹಿವಾಟು ಸಂಖ್ಯೆ ಕೊಟ್ಟರೆ ಅರ್ಜಿಯನ್ನು ತಾತ್ಕಾಲಿಕವಾಗಿ ಸ್ವೀಕರಿಸುತ್ತೇವೆ, ಹಣಕಾಸು ಶಾಖೆ ಬ್ಯಾಂಕಿನ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಹಣ ನಿಜಕ್ಕೂ ಬರದಿದ್ದರೆ ಮಾತ್ರ ಫೋನ್ ಹೋಗುತ್ತದೆ. ಸುಳ್ಳು ಸಂಖ್ಯೆ ಕೊಡುತ್ತಾರೆ ಅಂತ ಹೆದರಿಸಿದವರಿದ್ದರು. ಅಂಥದ್ದು ತೀರಾ ಅಪರೂಪ.

ಈಗ ಎರಡು ಕೆಲಸ ಒಂದೇ ಮೇಜಿಗೆ ಬಂದ ಲಾಭಕ್ಕೆ ಬರುತ್ತೇನೆ.

ಏಪ್ರಿಲ್, ಮೇನಲ್ಲಿ ಮೈಸೂರಿನ ಮಧ್ಯಾಹ್ನ ನೋಡಿದ್ದೀರಲ್ಲ. ಬಿಸಿಲು ಕುದಿಯುತ್ತದೆ, ಸಂಜೆಗೆ ಗುಡುಗು ಮಳೆ, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬೀಳುತ್ತದೆ. ಸರ್ವರ್ ಕೋಣೆಗೆ ಯುಪಿಎಸ್ ಇತ್ತು. ಆದರೆ ಅಲ್ಲಿನ ಎಸಿ ಜನರೇಟರ್ ಲೈನಿಗೆ ಸೇರಿರಲಿಲ್ಲ. ಕರೆಂಟು ಹೋದರೂ ಸರ್ವರ್ ಓಡುತ್ತಲೇ ಇರುತ್ತಿತ್ತು, ಕೋಣೆ ಮಾತ್ರ ಕಾದು ಕಾದು, ಕೊನೆಗೆ ಸರ್ವರ್ ತಾನೇ ಆಫ್ ಆಗುತ್ತಿತ್ತು. ಐಟಿಯವರು ಇದು ಸಾಫ್ಟ್‌ವೇರ್ ತೊಂದರೆ ಅಂದುಕೊಂಡಿದ್ದರು. ಎಲೆಕ್ಟ್ರಿಷಿಯನ್‌ಗೆ ಆ ಲೈನ್ ಯಾವುದು ಅಂತ ಚೆನ್ನಾಗಿ ಗೊತ್ತಿತ್ತು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಇಬ್ಬರ ದೂರೂ ಒಂದೇ ಮೇಜಿಗೆ ಬಂದಾಗ ತಿಳಿಯಿತು.

ಕರೆಂಟ್ ಬಿಲ್ ಕೂಡ ಹಾಗೆಯೇ. ನಮ್ಮಂಥ ಕ್ಯಾಂಪಸ್‌ಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಎಚ್‌ಟಿ, ಅಂದರೆ ಹೈ ಟೆನ್ಶನ್ ಸಂಪರ್ಕ ಇರುತ್ತದೆ. ಅಲ್ಲಿ ಯೂನಿಟ್ ಲೆಕ್ಕ ಒಂದೇ ಅಲ್ಲ, ಒಟ್ಟಿಗೇ ಎಷ್ಟು ಎಳೆದಿರಿ ಅನ್ನುವುದಕ್ಕೂ ದುಡ್ಡು. ಒಪ್ಪಂದದ ಮಿತಿ ದಾಟಿದರೆ ದಂಡದ ದರ. ಎಳೆದ ಕರೆಂಟು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬಂತು ಅಂತ ತೋರಿಸುವ ಪವರ್ ಫ್ಯಾಕ್ಟರ್ 0.90ಕ್ಕಿಂತ ಇಳಿದರೆ ಅದಕ್ಕೂ ಹೆಚ್ಚುವರಿ ಶುಲ್ಕ. ಮೀಟರ್ ಅಂಕಿಗಳನ್ನು ಕಂಪ್ಯೂಟರಿಗೆ ತಂದು ನೋಡಿದರೆ ಬೆಳಗಿನ ಹೊತ್ತು ಒಂದು ದೊಡ್ಡ ಏರು. ಹಾಸ್ಟೆಲ್‌ನ ಗೀಸರ್‌ಗಳು, ಅದೇ ಸಮಯಕ್ಕೆ ಓವರ್‌ಹೆಡ್ ಟ್ಯಾಂಕಿನ ಪಂಪು. ಪಂಪ್ ಆಪರೇಟರ್ ಡ್ಯೂಟಿಗೆ ಬರುವುದೇ ಆ ಹೊತ್ತಿಗೆ, ಬಂದ ಕೂಡಲೇ ಸ್ವಿಚ್ ಹಾಕುತ್ತಿದ್ದರು. ಟೈಮರ್ ಹಾಕಿಸಿ ಪಂಪನ್ನು ರಾತ್ರಿಗೆ ತಳ್ಳಿದೆವು. ಏರು ತಗ್ಗಿತು. ಇಡೀ ಯೋಜನೆಯಲ್ಲಿ ಮ್ಯಾನೇಜ್‌ಮೆಂಟ್ ಬಾಯಿತುಂಬ ಹೊಗಳಿದ್ದು ಈ ಟೈಮರನ್ನೇ. ಟ್ರಾನ್ಸ್‌ಕ್ರಿಪ್ಟ್ ಬಗ್ಗೆ ಯಾರೂ ಕೇಳಲಿಲ್ಲ. ಇರಲಿ.

ನೆಲದಡಿ ಹೋಗುವ ಇಂಟರ್ನೆಟ್‌ನ ಫೈಬರ್ ಕೇಬಲ್‌ದು ಹೇಳಲೇಬೇಕು. ಕ್ಯಾಂಪಸ್ ಒಳಗೆ ಯಾರೇ ಅಗೆಯುವುದಿದ್ದರೂ, ಗಿಡ ನೆಡುವುದಿದ್ದರೂ ಸರಿ, ಮೊದಲು ನಮ್ಮ ಕಚೇರಿಗೆ ಒಂದು ಫೋನ್ ಬರಬೇಕು ಅಂತ ಮಾಡಿದ್ದೇವೆ. ಕೇಬಲ್ ಹೋದ ದಾರಿಯಲ್ಲಿ ಕಲ್ಲಿನ ಗುರುತು ನೆಡಿಸಿದ್ದೇವೆ. ಜೆಸಿಬಿ ಚಾಲಕರಿಗೆ ನಕ್ಷೆ ಕೊಟ್ಟರೆ ನೋಡುವುದಿಲ್ಲ, ಕಲ್ಲು ಕಂಡರೆ ನಿಲ್ಲಿಸುತ್ತಾರೆ.

ಪೂರ್ತಿ ಪೇಪರ್ ಇಲ್ಲದ ಕ್ಯಾಂಪಸ್ ಯಾವಾಗ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ಆ ಗುರಿಯೇ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಕಡತ ಓಡಾಟದ ರಿಜಿಸ್ಟರ್ ನಿಲ್ಲಿಸಿದ್ದೇವೆ, ಯಾರಿಗೂ ಅದರ ನೆನಪಿಲ್ಲ. ಪರೀಕ್ಷಾ ಹಾಲ್‌ನಲ್ಲಿ ವಿದ್ಯಾರ್ಥಿ ಸಹಿ ಹಾಕುವ ಹಾಳೆ ನಿಲ್ಲಿಸಿಲ್ಲ, ಸದ್ಯಕ್ಕೆ ನಿಲ್ಲಿಸುವುದೂ ಇಲ್ಲ. ನಾಳೆ ತಕರಾರು ಬಂದರೆ, ಆವತ್ತು ನೆಟ್‌ವರ್ಕ್ ಇರಲಿ ಬಿಡಲಿ, ಆ ಸಹಿ ಅಲ್ಲೇ ಇರುತ್ತದೆ.

ಮುಂದಿನ ಸರದಿ ಹಾಸ್ಟೆಲ್ ಕೋಣೆ ಹಂಚಿಕೆಯದು. ಕಂಪನಿಯವರು ಪರದೆ ತಯಾರಿಸಿ ಕಳಿಸಿದ್ದಾರೆ. ಕೋಣೆ ಸಂಖ್ಯೆ, ಹಾಸಿಗೆ ಸಂಖ್ಯೆ, ಶುಲ್ಕ, ಅಷ್ಟೇ. ನಮ್ಮ ವಾರ್ಡನ್ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾರಿಗೆ ಆಸ್ತಮಾ, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾವ ಇಬ್ಬರನ್ನು ಒಂದೇ ಕೋಣೆಗೆ ಹಾಕಲೇಬಾರದು, ಎಲ್ಲ ಅದರಲ್ಲಿದೆಯಂತೆ. ಅದರಲ್ಲಿ ಎಷ್ಟು ಕಂಪ್ಯೂಟರಿಗೆ ಹೋಗಬೇಕು, ಎಷ್ಟು ವಾರ್ಡನ್ ತಲೆಯಲ್ಲೇ ಉಳಿಯಬೇಕು ಅನ್ನುವುದೂ ಯೋಚಿಸಬೇಕಾದದ್ದೇ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನೂ ಬಂದಿದೆ. ನೋಟ್‌ಬುಕ್ ಒಮ್ಮೆ ನೋಡಲಿಕ್ಕೆ ಕೊಡಿ ಅಂತ ಕೇಳಿದ್ದೇನೆ. "ಕೊಡೋಣ ಬಿಡಿ ಸಾರ್, ಅಷ್ಟೇನ್ ಅರ್ಜೆಂಟು" ಅಂದಿದ್ದಾರೆ. ಅದು ಬರುವವರೆಗೆ ಪರದೆಗೆ ಒಪ್ಪಿಗೆ ಕೊಡುವುದಿಲ್ಲ ಅಂತ ಕಂಪನಿಗೆ ಬರೆದಿದ್ದೇನೆ.